ರಾಕ್ಷಸನನ್ನು ದಿಟ್ಟಿಸಿದ ಹುಡುಗಿ

ಫ್ಲೀಟ್ ಸ್ಟ್ರೀಟಿಗೆ ಹೋಗುವ ಕುದುರೆ ಬಸ್ಸಿನಲ್ಲಿ ನನ್ನೆದುರು ಒಬ್ಬ ಮುದುಕ, ಅವನ ಅಣ್ಣನ ಮಗಳು ಹೆಸ್ಟರ್; ಇಬ್ಬರೂ ಒಂದೇ ಕೆತ್ತನೆ ಕಾರ್ಖಾನೆಯವರು. ಮಕ್ಕಳ ಕಥೆಪುಸ್ತಕಕ್ಕೆಂದು ಅವಳು ಕೆತ್ತಿದ ಚಿತ್ರದ ಮರದಚ್ಚು ಬಟ್ಟೆ ಸುತ್ತಿಕೊಂಡು ಅವಳ ಮಡಿಲಲ್ಲಿತ್ತು.

"ಚಿತ್ರದ ಹುಡುಗಿ ಕಣ್ಣು ಕೆಳಗಿರ್ಲಿ ಅಂತ ಯಜಮಾನರು ಹೇಳಿದ್ರೋ ಇಲ್ವೋ?"

"ಹೇಳಿದ್ರು, ಚಿಕ್ಕಪ್ಪ. ರಾಕ್ಷಸ ಎದುರಿಗೆ ನಿಂತಿರುವಾಗ ಯಾರು ನೆಲ ನೋಡ್ತಾರೆ?"

"ಒಳ್ಳೆ ಮನೆ ಹುಡುಗೀರು ದಿಟ್ಟಿಸಿ ನೋಡಲ್ವಂತೆ. ಪ್ರಕಾಶಕರ ಹೆಂಡತಿ ಮಾತು."

"ಆಯಮ್ಮ ಯಾವ ರಾಕ್ಷಸನ್ನ ಕಂಡಿದಾರಂತೆ?"

"ಗಂಡನ್ನ ಕಂಡಿದಾರಲ್ಲ, ಸಾಲದಾ? ನಮಗ್ಯಾಕೆ. ಕಣ್ಣಿದ್ದಲ್ಲಿ ತೂತು ಕೊರಿ, ಹೊಸ ಮರದ ಬೆಣೆ ಹೊಡಿ, ಮುಚ್ಚಿದ ರೆಪ್ಪೆ ಕೆತ್ತು. ಅರ್ಧ ದಿನದ ಕೆಲಸ."

"ಚಿತ್ರಗಾರರು ಮರದ ಮೇಲೆ ಬರೆದಿದ್ದೇ ತೆರೆದ ಕಣ್ಣು. ಅವರ ಗೆರೆ ಉಳಿಸಿ ಸುತ್ತ ಕೆತ್ತಿದೀನಿ, ಅಷ್ಟೆ."

"ಅವರ ಹೆಸರು ಪುಸ್ತಕದ ಮೇಲಿರತ್ತೆ. ನಿನ್ನ ಹೆಸರಿರೋದು ಹಾಜರಿ ಪಟ್ಟೀಲಿ. ನಾಳೆ ಅಲ್ಲೂ ಇರಲ್ಲ."

"ಇರದಿದ್ರೆ ಬೇಡ. ಅವಳ ಕಣ್ಣಿಗೆ ನಾನು ಬೆಣೆ ಹೊಡಿಯಲ್ಲ."

"ನಿಮ್ಮಪ್ಪನ ಹಟ."

"ಉಳೀನೂ ಅಪ್ಪಂದೇ."

ಬಸ್ಸು ನಿಂತಿತು. ಮುದುಕ ಎದ್ದ.

"ಇಳಿ. ಕಾರ್ಖಾನೆ ಬಂತು."

"ನೀವಿಳೀರಿ. ನಾನು ಸೀದಾ ಮುದ್ರಣಾಲಯಕ್ಕೆ ಹೋಗ್ತೀನಿ. ಮಧ್ಯಾಹ್ನವೇ ಅಚ್ಚು ಹಾಕ್ತಾರೆ."

ಮುದುಕ ಮೆಟ್ಟಿಲವರೆಗೆ ಹೋಗಿ ಇಳಿಯದೆ ನಿಂತ. ಕಂಡಕ್ಟರ್ ಬೈದ. ಅವನು ಹಿಂದಿರುಗಿ ಅವಳ ಪಕ್ಕದಲ್ಲೇ ಕುಳಿತ.

"ಸರ್ಕೊ. ಆ ಮುದ್ರಕನಿಗೆ ಹೆಂಗಸರ ಮಾತು ಕಿವಿಗೇ ಬೀಳಲ್ಲ. ಯಜಮಾನರು ಒಪ್ಪಿದಾರೆ ಅಂತ ನಾನು ಹೇಳ್ತೀನಿ."

"ಅದು ಸುಳ್ಳಲ್ವಾ?"

"ನಲವತ್ತು ವರ್ಷ ಒಂದೂ ಹೇಳಿಲ್ಲ. ನಂಬ್ತಾನೆ."

ಮುಂದಿನ ನಿಲ್ದಾಣದಲ್ಲಿ ಇಬ್ಬರೂ ಇಳಿದರು. ಮರದಚ್ಚು ಈಗ ಮುದುಕನ ಕಂಕುಳಲ್ಲಿತ್ತು.