ಮೂವತ್ತೊಂದು ಸಲ ಎದ್ದು ನಿಂತವನು

ನಮ್ಮ ಮೇಷ್ಟ್ರ ಶ್ರದ್ಧಾಂಜಲಿಗೆ ಸೇರಿರುವ ಎಲ್ಲರಿಗೂ ನಮಸ್ಕಾರ. ವಾರಿಜಮ್ಮಾ, ಮೇಧಾ — ಅವರ ಹೆಂಡತಿ, ಮಗಳು ನೀವು; ನಿಮ್ಮೆದುರು ಮಾತಾಡೋ ಮುಖ ನನಗಿಲ್ಲ. ಕರೆದಿರಿ, ಬಂದೆ. ನಾನು ಚಾಮುಂಡಿ, ಊರು ಬಿಟ್ಟು ಮಲೇಷ್ಯಾಕ್ಕೆ ಬಂದವಳು, ಈ ನಿಲಾಯ್ ಕಾಲೇಜಿನ ಹಾಸ್ಟೆಲ್ ಅಡುಗೆಯವಳು. ಓದಿದ್ದು ಊರ ಶಾಲೆಯ ಮೂರನೇ ಕ್ಲಾಸು.

ಉಮಾನಾಥ ಮೇಷ್ಟ್ರು ಇಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದರು. ಬೆಳಿಗ್ಗೆ ಅಡುಗೆಮನೆಗೇ ಬಂದು ದೋಸೆ ತಿನ್ನುತ್ತಾ ಒಂದು ದಪ್ಪ ಕಾಗದದ ಕಟ್ಟು ಓದೋರು — ಹೀಗೆ, ಎಣ್ಣೆ ತಾಗದ ಹಾಗೆ ದೂರ ಹಿಡಿದು. ಬ್ರಿಟಿಷರ ಪಾರ್ಲಿಮೆಂಟಿನಲ್ಲಿ ಹಿಂದೆ ಒಬ್ಬ ಸದಸ್ಯನಿದ್ದನಂತೆ. ಇಲ್ಲಿನ ರಬ್ಬರ್ ತೋಟದ ಕೂಲಿಗಳನ್ನು ಒಂದೇ ಕೋಣೆಗೆ ತುಂಬುತ್ತಾರೆ ಅಂತ ಮೂವತ್ತೊಂದು ಸಲ ಎದ್ದು ನಿಂತು ಮಾತಾಡಿದನಂತೆ. ಆಡಿದ್ದೆಲ್ಲ ಆ ಕಟ್ಟಿನಲ್ಲಿ ಬರೆದಿಟ್ಟಿದ್ದಾರೆ.

"ಕೋಣೆ ದೊಡ್ಡದಾಯ್ತಾ ಮೇಷ್ಟ್ರೇ?" ಅಂದೆ.

"ಇಲ್ಲ ಅಜ್ಜಿ. ಪರಿಶೀಲಿಸುತ್ತೇವೆ ಅಂದರು."

"ಮತ್ಯಾಕೆ ಅಷ್ಟು ಸಲ ಗಂಟಲು ಹರಕೊಂಡ, ಪಾಪ?"

"ನಮಗೆ ಗೊತ್ತೇ ಇರಲಿಲ್ಲ ಅಂತ ಆಮೇಲೆ ಯಾರೂ ಹೇಳಬಾರದಲ್ಲ, ಅದಕ್ಕೆ."

ಆಮೇಲೆ ಈ ಕೊರೋನಾ ಬಂತು. ನಮ್ಮ ಕ್ಲೀನರುಗಳು ಹನ್ನೆರಡು ಜನ — ಒಂದೇ ಕೋಣೆ, ಹೊರಗಿಂದ ಕಾಲೇಜಿನವರ ಬೀಗ. ಮೇಷ್ಟ್ರು ಕಾಲೇಜಿನ ಜೂಮ್ ಸಭೆಯಲ್ಲಿ ಕೈ ಎತ್ತಿದರು. ದೊಡ್ಡವರು ಅವರ ಮೈಕ್ ಬಂದ್ ಮಾಡಿದರು. ಮುಂದಿನ ವಾರ ಮತ್ತೆ ಎತ್ತಿದರು. ಮತ್ತೆ ಬಂದ್. ಆರು ಸಲ.

ಏಳನೇ ಸಲಕ್ಕೆ ನನ್ನ ಹತ್ತಿರ ಬಂದರು. "ಅಜ್ಜಿ, ಕಿಟಕಿಯಿಂದ ಊಟ ಕೊಡೋರು ನೀವು. ಕಣ್ಣಲ್ಲಿ ಕಂಡದ್ದನ್ನು ಒಂದು ಸಲ ಸಭೆಯಲ್ಲಿ ಹೇಳಿ."

ಉಪ್ಪು ಹೆಚ್ಚಾಯ್ತು ಅಂದ ಹುಡುಗರ ನೀರಿಳಿಸೋ ಬಾಯಿ ಇದು. ಅವತ್ತು — ಸೌಟು ತಗೊಂಡು ಸಾರು ತಿರುವಿದೆ. ಅದೇ ತಿಂಗಳು ಕಾಲೇಜು ನನ್ನ ಕೆಲಸದ ಪರ್ಮಿಟ್ ನವೀಕರಿಸಬೇಕಿತ್ತು. "ನಾಳೆ ಹೇಳ್ತೀನಿ ಮೇಷ್ಟ್ರೇ" ಅಂದೆ.

ಆ ನಾಳೆ ಕೋಣೆಯಲ್ಲಿದ್ದ ಐತಪ್ಪನಿಗೆ ಉಸಿರು ಸಿಗಲಿಲ್ಲ. ಮೇಷ್ಟ್ರೇ ಬೀಗ ಒಡೆಸಿ, ತಮ್ಮ ಕಾರಲ್ಲಿ ಆಸ್ಪತ್ರೆಗೆ ಒಯ್ದರು. ಐತಪ್ಪ ನಾಲ್ಕನೇ ದಿನ ಹೋದ. ಮೇಷ್ಟ್ರು ಹತ್ತೊಂಬತ್ತನೇ ದಿನ. ವಾರಿಜಮ್ಮನಿಗೆ ಮುಖ ನೋಡಲೂ ಬಿಡಲಿಲ್ಲ.

ಉಳಿದ ಹನ್ನೊಂದು ಜನ ಇವತ್ತೂ ಅದೇ ಕೋಣೆಯಲ್ಲಿದ್ದಾರೆ. ಬೀಗ ಹೊಸದು. ನೋಡಿ, ಈಗ ಹೇಳಿದೆ ನಾನು — ಹೇಳಬೇಕಾದ ದಿನ ಹೇಳದೆ. ಮುಂದೆ ಕೂತ ಕಾಲೇಜಿನ ದೊಡ್ಡವರು ಯಾರೂ ಬರೆದುಕೊಳ್ಳುತ್ತಿಲ್ಲ. ಗೊತ್ತಿತ್ತು ನನಗೆ.

ಆ ಸದಸ್ಯ ಎದ್ದು ನಿಲ್ಲುತ್ತಿದ್ದದ್ದು ಮಾತಾಡೋದಕ್ಕೆ. ನಾವು ಕೂತಲ್ಲೇ ಸುಮ್ಮನಿದ್ದವರು. ಈಗ — ದಯಮಾಡಿ ಏಳಿ. ನನ್ನನ್ನೂ ಸೇರಿಸಿಯೇ ಹೇಳ್ತೀನಿ, ಸುಮ್ಮನಿರೋದು ನಮಗೆ ಚೆನ್ನಾಗಿ ಬರುತ್ತೆ. ಎರಡು ನಿಮಿಷ.