ಅಮಾಸಿಗೆ ಇನ್ನೆರಡು ದಿನ

ಹಲೋ... ಯಾರ್ರೀ ಮಾತಾಡೂದು?... ಹಾಂ, ಸಿದ್ದರಾಮಪ್ಪಣ್ಣ ಏನ್ರಿ? ನಾನ್ರಿ, ಚನ್ನವ್ವ. ಗ್ರಾಂಟ್ ರೋಡಿನಿಂದ, ನಮ್ಮ ಚಾಳಿನ ಕೆಳಗಿನ ಹೋಟೆಲಿನಿಂದ ಫೋನ್ ಮಾಡಾಕತ್ತೀನಿ... ಆರಾಮ ಅದೀನ್ರಿ. ನಮ್ಮವರನ್ನ ಒಂಚೂರು ಕರೀರಲ್ಲ...

ಯಾರನ್ನ ಅಂದ್ರ? ನಮ್ಮ ಮನಿಯವರನ್ನರಿ... ಹೆಸರು ಹೇಳಿದ್ರ ಕರೀತೀರಾ? ಚಲೋ ಆತು. ಇಂಥಾ ಹೊಟ್ಟಿ ಹೊತಗೊಂಡು ಮೂರು ಮಾಳಿಗಿ ಇಳದು ಬಂದೀನಿ, ನನ್ನ ಬಾಯಿಲೆ ಗಂಡನ ಹೆಸರು ಹೇಳಿಸಾಕ ನಿಂತೀರಲ್ಲ. ನಿಮ್ಮ ಮಗ್ಗಲದ ಟೇಬಲ್ಲಿಗೆ ಕುಂತಾರ ನೋಡ್ರಿ, ಉದ್ದ ಮೂಗಿನವರು, ಅವರನ್ನ ಕರೀರಿ... ನಗೂದು ಆಮ್ಯಾಲೆ ನಗ್ರಿ.

...

ಹಲೋ... ನೀವೇನ್ರಿ?... ಏನೂ ಆಗಿಲ್ಲ, ಗಾಬರಿ ಆಗಬ್ಯಾಡ್ರಿ. ಮೊದಲು ಕುರ್ಚಿ ಮ್ಯಾಲೆ ಕೂಡ್ರಿ... ಕೂಸು ಆರಾಮ ಅದ. ಮುಂಜಾನಿಂದ ಒದ್ದದ್ದೇ ಒದ್ದದ್ದು. ನೀವು ಕೈ ಇಟ್ಟಾಗ ಮಾತ್ರ ಏನೂ ಅರೀದವರಂಗ ಸುಮ್ಮನ ಇರ್ತದ. ನಿಮ್ಮದೇ ಕೂಸು ಅಂತ ಬ್ಯಾರೆ ಹೇಳಬೇಕೇನು...

ಕಾಲು? ಕಾಲು ಬಾತಾವ ಅಂತಾರ ನಳದ ಪಾಳೆದಾಗಿನ ಹೆಂಗಸರು. ನಾ ನೋಡಿಲ್ಲ. ನನ್ನ ಕಾಲು ನನಗ ಕಾಣೂದು ಬಿಟ್ಟು ಹದಿನೈದು ದಿನ ಆತು.

...

ಫೋನ್ ಯಾಕ ಮಾಡಿದೆ ಅಂದ್ರ, ಅವ್ವ ಬಂದಾಳ... ನಮ್ಮವ್ವರಿ, ಧಾರವಾಡದ ಕಾಶವ್ವ, ನಿಮ್ಮ ಅತ್ತಿ. ನೀವು ಆಫೀಸಿಗೆ ಹೊಂಟು ಅರ್ಧಾ ತಾಸಿಗೆ ಬಂದಳು, ಕಾಕಾನ್ನ ಜೋಡಿ ಕರಕೊಂಡು. ಕುಬಸದ ಸೀರಿ, ಹಸರ ಬಳಿ, ಉಂಡಿ, ಚಕ್ಕಲಿ, ಎಲ್ಲಾ ತಂದಾಳ...

ಹೌದ್ರಿ, ಒಂದು ಕಾರ್ಡೂ ಹಾಕದ ಬಂದಾಳ. ನೀವು ಬರದ ಕಾರ್ಡು ಮಾತ್ರ ಚೀಲದಾಗ ಇಟಗೊಂಡು ಬಂದಾಳ. ಇನ್ನೂ ಆರನೇ ತಿಂಗಳು, ಕುಬಸಕ್ಕ ಮುಂದಿನ ತಿಂಗಳು ಬರ್ರಿ ಅಂತ ಬರದಿದ್ರಲ್ಲ, ಅದು. ಅವ್ವಗ ಓದಾಕ ಬರೂದಿಲ್ಲ ಖರೆ, ಅಮಾಸಿ ಎಣಸಾಕ ಬರ್ತದ. ಬಾಗಲದಾಗ ನಿಂತಾಕಿ ನನ್ನ ಮಾರಿ ಸೈತ ನೋಡಲಿಲ್ಲ, ಹೊಟ್ಟಿ ನೋಡಿದಳು. ಆಮ್ಯಾಲೆ ಬಟ್ಟು ಮಡಚಿದಳು. ಏಳು ತುಂಬಾಕ ಬಂತು ಅಂದಳು.

...

ಹಾಂ, ಏಳು. ನಾಡದು ಅಮಾಸಿ. ಅದು ದಾಟಿದ್ರ ಎಂಟನೇದು. ಎಂಟರಾಗ ಬಸುರಿ ಹೆಂಗಸು ಗಾಡಿ ಹತ್ತಬಾರದಂತ. ಅದಕ್ಕ ಇವತ್ತು ಸಂಜಿ ಗಾಡಿಗೇ ತವರಿಗೆ ಕರಕೊಂಡು ಹೋಗ್ತೀನಿ ಅಂತ ಕುಂತಾಳ. ನನ್ನ ಟ್ರಂಕು ಪಲಂಗದ ಬುಡಕಿಂದ ಎಳದಾಳ... ಇವತ್ತೇರಿ, ಇವತ್ತು.

ಹಲೋ?... ಕೇಳಿಸ್ತೇನ್ರಿ?

...

ಆರು ಅಂತ ನಾ ಹೇಳಿದ್ನಾ? ಯಾವಾಗ?... ಗೋಡಿ ಮ್ಯಾಲೆ ಕ್ಯಾಲೆಂಡರ್ ತೂಗಹಾಕಿದವರು ನೀವು. ಹೇಣತಿ ಹೇಳಿದ್ದನ್ನ ಹಂಗೇ ಬರದುಬಿಡೂದೇನು? ಒಮ್ಮೆ ತಿರುವಿ ನೋಡಬಾರದೇನು?

...

ಏನಂದ್ರಿ?... ಅತ್ತಿ ಹೇಳಿದಂಗ ಮಾಡು ಅಂತೀರಾ? ಅಷ್ಟು ಲಗೂನ ಹೇಳಿಬಿಟ್ರಲ್ಲ. ಹಿಂದಿನ ವಾರ ಚಹಾ ಮಾಡಾಕ ಹೋಗಿ ಭಾಂಡಿ ಸುಟ್ಟವರು ಯಾರು? ನಾ ಹೋದ್ರ ಮೂರು ಹೊತ್ತೂ ಈ ಹೋಟೆಲಿನ ಚೆನ್ನಯಣ್ಣನ ಇಡ್ಲಿ ತಿಂದು ಇರ್ತೀರೇನು?... ಅವರು ಇಲ್ಲೇ ಗಲ್ಲಾದಾಗ ಕುಂತಾರ, ನಿಮ್ಮ ಮಾತು ಕೇಳಿ ಖುಷಿ ಆಗ್ತಾರ.

...

ಅಲ್ರಿ, ಹೋದ್ರ ಯಾವಾಗ ಬರ್ತೀನಿ, ವಿಚಾರ ಮಾಡೀರಾ? ಹಡದು, ಐದು ತಿಂಗಳ ಬಾಣಂತನ ಮುಗಿಸಿ. ಅಷ್ಟರಾಗ ಕೂಸು ಬೋರಲ ಬೀಳ್ತದ. ಹೊಸಬರನ್ನ ಕಂಡಂಗ ನಿಮ್ಮನ್ನ ಕಂಡು ಅಳ್ತದ...

ನಗಬ್ಯಾಡ್ರಿ. ನಾ ಈಗ ಚಾಷ್ಟಿ ಮಾಡಾಕತ್ತಿಲ್ಲ. ನಮ್ಮಕ್ಕ ಶರಣವ್ವಂದು ನಿಮಗ ಹೇಳಿಲ್ಲ. ನನ್ನ ಲಗ್ನಕ್ಕ ಮೊದಲು ಆಕಿ ತವರಿನಾಗ ಹಡದಳು. ಭಾವ ಇಲ್ಲೇ ಮುಲುಂಡಿನಾಗ. ಅವರಿಗೆ ಕಾರ್ಡು ಮುಟ್ಟಿ, ರಜಾ ಸಿಕ್ಕು ಬರೂದ್ರಾಗ ಹನ್ನೊಂದು ದಿನ. ಜ್ವರದಾಗ ಅಕ್ಕ ಬಾಗಲಾ ನೋಡಕೋತ ಮಲಗಿದ್ದಳು. ಅವರು ಬಂದ್ರೇನು, ಬಂದ್ರೇನು ಅಂತ ನನ್ನೇ ಕೇಳ್ತಿದ್ದಳು. ಹಂಗ ಬಾಗಲಾ ನೋಡೂದು ನನ್ನ ಕೈಲೆ ಆಗೂದಿಲ್ರಿ. ನನಗ ಹೆದರಿಕಿ ಬರ್ತದ.

...

ಕೇಳ್ರಿ. ನಿಮ್ಮ ತಪ್ಪಿಲ್ಲ. ಆರು ಅಂತ ಹೇಳಿದಾಕಿ ನಾನೇ. ಬೇಕಂತ ಹೇಳಿದೆ. ಅವ್ವ ಒಂದು ತಿಂಗಳು ತಡಾ ಮಾಡಿ ಬಂದ್ರ ಎಂಟು ಬಿದ್ದಿರ್ತದ, ಆಕೀನೇ ಗಾಡಿ ಬ್ಯಾಡ ಅಂತಾಳ, ನಾ ಇಲ್ಲೇ ಉಳೀತೀನಿ ಅಂತ...

ಸಿಟ್ಟು ಬಂತೇನು?... ಬಂದಿದ್ರ ಬೈದುಬಿಡ್ರಿ.

...

ಅವ್ವಗೂ ಹೇಳಿದೆ. ಮೊದಲು ನಿಮ್ಮ ಮ್ಯಾಲೆ ಹಾಕಿದ್ದೆ, ಗಂಡಸರಿಗೇನು ತಿಳೀತದ ಅಂತ. ಆಮ್ಯಾಲೆ ತಡಕೊಳ್ಳಾಕ ಆಗದ ಖರೆ ಹೇಳಿದೆ. ಬೈದಳು, ಅತ್ತಳು. ಕಡೀಕ ಏನಂದಳು ಅಂದ್ರ, ಅಳಿಯಂದಿರು ತಮ್ಮ ಬಾಯಿಲೆ ಇರು ಅಂದ್ರ ಇರು, ಇಲ್ಲಾಂದ್ರ ಸಂಜೀಕ ಗಾಡಿ. ಅದಕ್ಕೇ ಇಳದು ಬಂದೆ.

ತಡೀರಿ, ಲಗೂನ ಹೇಳಬ್ಯಾಡ್ರಿ. ನಾ ಇದ್ರ ಅವ್ವನೂ ಇರ್ತಾಳ, ಬಾಣಂತನ ಮುಗಿಯೂತನ. ನಮ್ಮದು ಒಂದೇ ಖೋಲಿ. ನೀವು ಹೊರಗ ಗ್ಯಾಲರಿದಾಗ ಮಲಗಬೇಕು. ಮಳಿ ಬಂದ್ರ ಹಾಸಿಗಿ ಸುತ್ತಿಕೊಂಡು ಕುಂದರಬೇಕು. ನಿಮ್ಮ ಅತ್ತಿ ಗೊರಕಿ ಗ್ಯಾಲರಿಗೂ ಕೇಳಿಸ್ತದ. ಈಗ ಹೇಳ್ರಿ...

...

ಏನು? ಕೇಳಿಸವಲ್ದು, ಇಲ್ಲಿ ಕಪ್ಪುಬಸಿ ಸಪ್ಪಳ. ಜೋರಾಗಿ ಹೇಳ್ರಿ... ಆಫೀಸಿನಾಗ ಮಂದಿ ಇದ್ರ ಇರಲಿ.

...

ಇನ್ನೊಮ್ಮೆ...

...

ಮೊದಲನೇ ಸಲಾನೇ ಕೇಳಿಸಿತ್ರಿ. ನೀ ಎಲ್ಲೂ ಹೋಗಬ್ಯಾಡ ಅಂದ್ರಿ. ಸುಮ್ಮನ ಮತ್ತೊಮ್ಮೆ ಕೇಳಬೇಕು ಅನ್ನಿಸ್ತು. ಏನು ಕೇಳಿದ್ರೂ ಹೂಂ ಅನ್ನೋರು ನೀವು, ಒಂದಿನಾನೂ ನನಗ ಬ್ಯಾಡ ಅಂದವರಲ್ಲ. ಇವತ್ತು ಅಂದ್ರಿ ನೋಡ್ರಿ, ನನಗ ಎಷ್ಟು... ಹಲೋ?... ಹಲೋ?...