ನೋಡ್ದೆ, ಚೆನ್ನಾಗಿದ್ದಾನೆ

ಮತ್ತೆ ಮಧ್ಯೆ ಬಾಯಿ ಹಾಕಿದೆಯಲ್ಲ! ಮೂರು ಸಲ ಶುರು ಮಾಡಿದೆ. ಒಂದು ಸಲ ನಿನ್ನ ಫೋನು, ಒಂದು ಸಲ ನಿನ್ನಣ್ಣನಿಗೆ ನೀರು, ಈಗ "ಅತ್ತಿಗೆ, ಇದು ನಿಜವಾ?" ಅಂತ. ಹೇಳಿ ಮುಗಿಸುವ ಮುಂಚೆಯೇ ನಿಜವಾ ಅಂತ ಕೇಳಿದರೆ ಏನು ಹೇಳಲಿ? ಮಗು ಈಗಷ್ಟೇ ನಿದ್ದೆ ಹೋಗಿದೆ, ದನಿ ತಗ್ಗಿಸು. ಇನ್ನೊಂದು ಸಲ ತಡೆದರೆ ದೀಪ ಆರಿಸಿ ಮಲಗಿಬಿಡುತ್ತೇನೆ. ಆಮೇಲೆ ಬಚ್ಚಲಿಗೆ ಒಬ್ಬಳೇ ಹೋಗು.

ಇದು ಯಾರೋ ಎಲ್ಲೋ ಹೇಳಿದ್ದಲ್ಲ. ನಮ್ಮ ದೊಡ್ಡಪ್ಪನ ಮಗಳು ಸುಯಿನ್‌ಗೆ ಆದದ್ದು. ಅದೇ, ಲಾಯರ್ ಸುಯಿನ್. ಕೈಯಲ್ಲಿ ಕಾಸಿಲ್ಲದೆ ಜೈಲು ಸೇರಿದವರಿಗೆ ಸರ್ಕಾರದ ಕಡೆಯಿಂದ ಒಬ್ಬ ಲಾಯರು ಸಿಗುತ್ತಾರಲ್ಲ, ಅಂಥವಳು.

ಹೋದ ವರ್ಷ, ಚಳಿ ಶುರುವಾಗುವ ಹೊತ್ತು. ದೆವ್ವಗಳಿಗೆ ಎಡೆ ಇಡುವ ಏಳನೇ ತಿಂಗಳು ಮುಗಿದು ಎಷ್ಟೋ ದಿನವಾಗಿತ್ತು. ಹಾಗಾಗಿ ಯಾರಿಗೂ ಭಯವಿರಲಿಲ್ಲ. ರಾತ್ರಿ ಹತ್ತೂವರೆಗೆ ಸುಯಿನ್ ಆಫೀಸಿಗೆ ಬೀಗ ಹಾಕಿ ಕೆಳಗಿಳಿದಳು. ಸ್ಕೂಟರು ರಿಪೇರಿಗೆ ಹೋಗಿತ್ತು. ನಡೆದೇ ಹೊರಟಳು. ಮನೆಗೆ ಎರಡು ಓಣಿ ಅಷ್ಟೇ. ಆದರೆ ಮಧ್ಯದಲ್ಲಿ ಕಡಲು ಕಾಯುವ ಮಾಜು ದೇವಿ ಗುಡಿಯ ಹಿಂದಿನ ಆಲದ ಮರ, ಅದರ ಬುಡದಲ್ಲಿ ಹಳೇ ಬಾವಿ.

ಕಡಲ ಗಾಳಿ ಬೀಸುತ್ತಿತ್ತು. ಆಲದ ಬಿಳಲುಗಳು ಪಕ್ಕದ ತಗಡಿನ ಮಾಡನ್ನು ಸವರುತ್ತಿದ್ದವು. ಸರ್… ಸರ್… ಸರ್…

ಅದರ ನಡುವೆ ಇನ್ನೊಂದು ಸದ್ದು.

ಟಕ್… ಕರ್ರ್… ಪಚ್.

ಸುಯಿನ್ ನಿಂತಳು. ನಮ್ಮೂರಲ್ಲಿ ಹುಟ್ಟಿದವರಿಗೆ ಆ ಸದ್ದು ಹೇಳಿಕೊಡಬೇಕಾಗಿಲ್ಲ. ಕತ್ತಿಯ ಮೊನೆ ಸಿಂಪಿಯ ಚಿಪ್ಪಿಗೆ ತಾಗಿದರೆ ಟಕ್. ಚಿಪ್ಪು ಬಾಯಿ ಬಿಟ್ಟರೆ ಕರ್ರ್. ಮಾಂಸ ಬೋಗುಣಿಗೆ ಬಿದ್ದರೆ ಪಚ್. ಆದರೆ ಹತ್ತೂವರೆ ರಾತ್ರಿಯಲ್ಲಿ ಗುಡಿಯ ಹಿಂದೆ ಸಿಂಪಿ ಬಿಡಿಸುವವರು ಯಾರು?

ಬಾವಿಕಟ್ಟೆಯ ಮೇಲೆ ಒಬ್ಬಳು ಮುದುಕಿ ಬಗ್ಗಿ ಕೂತಿದ್ದಳು. ಹೂವಿನ ಬಟ್ಟೆಯಲ್ಲಿ ಮುಖ ಮುಚ್ಚುವ ಹಾಗೆ ಸುತ್ತಿದ ಟೋಪಿ. ಉದ್ದ ಕೈಗವಸು.

ಸುಯಿನ್‌ಗೆ ಮೊದಲು ಬಂದದ್ದು ಭಯವಲ್ಲ, ಬೇಸರ. ಅಯ್ಯೋ, ಈಯಮ್ಮ ಇಲ್ಲೂ ಬಂದು ಕೂತಿದ್ದಾಳಲ್ಲ ಅಂತ.

ಯಾಕೆ ಬೇಸರ ಅಂತ ಹೇಳುತ್ತೇನೆ, ತಾಳು.

ಆ ಮುದುಕಿ ಗ್ಯೋಕಮ್ಮ. ಅವಳ ಮಗ ಆಬೂನ್, ಕಡಲಲ್ಲಿ ಸಿಂಪಿ ಬೆಳೆಸುವ ತೆಪ್ಪಗಳ ಮೇಲೆ ಕೂಲಿ ಮಾಡುತ್ತಿದ್ದವನು. ಮೇಸ್ತ್ರಿಯೊಬ್ಬನ ತಲೆ ಒಡೆದ ಕೇಸಿನಲ್ಲಿ ಅವನನ್ನೂ ಇನ್ನಿಬ್ಬರನ್ನೂ ಹಿಡಿದಿದ್ದರು. ಹೊಡೆದವರು ಯಾರು ಅಂತ ಇನ್ನೂ ತೀರ್ಮಾನವಾಗಿರಲಿಲ್ಲ. ಸಾಕ್ಷಿಗಳಿಗೆ ಹೀಗೆ ನುಡಿಯಿರಿ ಅಂತ ಹೇಳಿ ಕಳಿಸಿಯಾರು ಅಂತ ಜಡ್ಜು, ಆಬೂನ್‌ನನ್ನು ಯಾರೂ ನೋಡಕೂಡದು ಅಂತ ಬರೆದರು. ಹೆತ್ತ ತಾಯಿಯೂ ಇಲ್ಲ, ಫೋನೂ ಇಲ್ಲ, ಮನೆಗೆ ಕಾಗದವೂ ಇಲ್ಲ. ಒಳಗೆ ಹೋಗಬಹುದಾದವಳು ಲಾಯರು ಒಬ್ಬಳೇ. ಅಂದರೆ ನೋಡು, ಆಬೂನ್‌ಗೆ ಹೊರಗಿನ ಲೋಕ ಅಂದರೆ ಸುಯಿನ್. ಗ್ಯೋಕಮ್ಮನಿಗೆ ಮಗ ಅಂದರೆ ಸುಯಿನ್‌ಳ ಬಾಯಿ.

ಪ್ರತಿ ಮಂಗಳವಾರ ಸಂಜೆ ಗ್ಯೋಕಮ್ಮ ಆಫೀಸಿನ ಮೆಟ್ಟಿಲ ಹತ್ತಿರ ನಿಲ್ಲುತ್ತಿದ್ದಳು. ಮೇಲೆ ಬಾ ಅಂದರೆ, "ಬೇಡಮ್ಮಾ, ಮೈಯೆಲ್ಲ ಸಿಂಪಿ ನಾತ" ಅನ್ನುತ್ತಿದ್ದಳು. ಕೇಳುತ್ತಿದ್ದದ್ದು ಒಂದೇ.

"ನೋಡಿದ್ರಾ, ಲಾಯರಮ್ಮ?"

ಮೊದಲನೇ ಮಂಗಳವಾರ ಸುಯಿನ್ ಹೋಗಿರಲಿಲ್ಲ. ಮಳೆ. ಜೈಲು ಸ್ಕೂಟರಿನಲ್ಲಿ ಒಂದೂಕಾಲು ಗಂಟೆ ದಾರಿ. ಮೇಜಿನ ಮೇಲೆ ನಲವತ್ತು ಕೇಸು. ಹೋಗಿಲ್ಲ ಅಂದರೆ ಮುದುಕಿ ಅಳುತ್ತಾಳೆ, ಸಮಾಧಾನ ಮಾಡುತ್ತ ಅರ್ಧ ಗಂಟೆ ನಿಲ್ಲಬೇಕು. ಬಾಯಿಗೆ ಸುಲಭವಾದದ್ದು ಬಂತು.

"ನೋಡ್ದೆ ಅಮ್ಮಾ. ಚೆನ್ನಾಗಿದ್ದಾನೆ."

ಗ್ಯೋಕಮ್ಮನ ಮುಖ ಎಷ್ಟು ಅರಳಿತು ಅಂದರೆ, ತಾನು ಏನೋ ಒಳ್ಳೇ ಕೆಲಸ ಮಾಡಿದೆ ಅಂತಲೇ ಸುಯಿನ್‌ಗೆ ಅನಿಸಿತು. ಮುಂದಿನ ಮಂಗಳವಾರ ಕೋರ್ಟಿನಲ್ಲಿ ತಡವಾಯಿತು. ಅದರ ಮುಂದಿನ ವಾರ ನೆಪವೂ ಬೇಕಾಗಲಿಲ್ಲ. "ನೋಡ್ದೆ, ಚೆನ್ನಾಗಿದ್ದಾನೆ." ಆರು ವಾರ. ಆಬೂನ್‌ನನ್ನು ಅವಳು ಕಂಡದ್ದು ಜೈಲಿಗೆ ಕಳಿಸಿದ ದಿನ ಕೋರ್ಟಿನಲ್ಲಿ ಮಾತ್ರ. ಅದೂ ಇಪ್ಪತ್ತು ನಿಮಿಷ.

ಮುದುಕಿ ಪ್ರತಿ ಸಲ ಒಂದು ಚೀಲ ಬಿಡಿಸಿದ ಸಿಂಪಿ ಕೊಡುತ್ತಿದ್ದಳು. "ಅವನಿಗೆ ಕೊಡೋ ಹಾಗಿಲ್ಲವಂತೆ. ಅವನನ್ನ ನೋಡಿ ಬಂದವರು ತಿಂದ್ರೆ ಅವನೇ ತಿಂದ ಹಾಗೆ." ಸುಯಿನ್ ಇಸಿದುಕೊಳ್ಳುತ್ತಿದ್ದಳು. ಮನೆಗೆ ಹೋಗಿ ಮೊಟ್ಟೆ ಒಡೆದು ಹಾಕಿ ಹುರಿದು ತಿನ್ನುತ್ತಿದ್ದಳು. ಚೆನ್ನಾಗಿರುತ್ತಿತ್ತು ಕಣೇ, ಅಂತ ನನಗೆ ಹೇಳಿದಳು. ಅದನ್ನು ಹೇಳುವಾಗಲೇ ಅವಳು ತಲೆ ಎತ್ತದೆ ಇದ್ದದ್ದು.

ಹೂಂ. ಈಗ ಬಾವಿಕಟ್ಟೆಗೆ ಬಾ.

ಟಕ್… ಕರ್ರ್… ಪಚ್.

ಮುದುಕಿ ತಲೆ ಎತ್ತಲಿಲ್ಲ. ಪಿಸುಮಾತಿನಲ್ಲಿ ಕೇಳಿದಳು.

"ಇವತ್ತು ನೋಡಿದ್ರಾ, ಲಾಯರಮ್ಮ?"

ಅವತ್ತು ಮಂಗಳವಾರ. ಸಂಜೆ ಮುದುಕಿ ಬಂದಿರಲಿಲ್ಲ. ಸದ್ಯ ಪಾರಾದೆ ಅಂತ ಸುಯಿನ್ ಅಂದುಕೊಂಡಿದ್ದಳು. ನಿಂತವಳು ಮತ್ತೆ ಹೆಜ್ಜೆ ಹಾಕುತ್ತಲೇ ಹೇಳಿದಳು.

"ನೋಡ್ದೆ ಅಮ್ಮಾ. ಚೆನ್ನಾಗಿದ್ದಾನೆ. ಚಳಿ ಇದೆ, ಮನೆಗೆ ಹೋಗಿ."

ಕತ್ತಿಯ ಸದ್ದು ನಿಂತಿತು.

"ನಾನೂ ನೋಡ್ದೆ ಇವತ್ತು… ನೀವು ಅಲ್ಲಿ ಕಾಣ್ಲಿಲ್ಲ."

ಸುಯಿನ್ ಗಕ್ಕನೆ ತಿರುಗಿದಳು. ಅವಳ ತಲೆಯಲ್ಲಿ ಮೊದಲು ಓಡಿದ್ದು ಲಾಯರ ಬುದ್ಧಿ. ಈಯಮ್ಮನನ್ನು ಒಳಗೆ ಬಿಟ್ಟವರು ಯಾರು? ಜಡ್ಜರ ಆಜ್ಞೆ ಇದೆಯಲ್ಲ?

"ನಿಮ್ಮನ್ನ… ಯಾರು ಬಿಟ್ರು ಅಮ್ಮಾ ಒಳಗೆ?"

"ಯಾರೂ ತಡೀಲಿಲ್ಲಮ್ಮ." ಬಿಳಲು ತಗಡನ್ನು ಸವರಿತು. ಆಮೇಲೆ ಇನ್ನೂ ಮೆಲ್ಲಗೆ… "ಅವನ ಎಡಗಿವಿ ಕೇಳ್ಸಲ್ಲ ಈಗ. ಹೋದಾಗ ಬಲಗಡೆ ಕೂತು ಮಾತಾಡಿ."

ಬೈಯಲಿಲ್ಲ. ನೀನು ಸುಳ್ಳಿ ಅನ್ನಲಿಲ್ಲ. ಔಷಧಿ ಯಾವಾಗ ಕೊಡಬೇಕು ಅಂತ ಪಕ್ಕದ ಮನೆಯವಳಿಗೆ ಹೇಳುವ ಹಾಗೆ ಹೇಳಿದಳು. ಬೈದಿದ್ದರೆ ನಿಂತು ವಾದ ಮಾಡುತ್ತಿದ್ದೆ, ಅದೇ ನನ್ನ ಕೆಲಸವಲ್ಲವಾ, ಅಂತಾಳೆ ಸುಯಿನ್. ಅವಳು ಓಡಿದಳು. ಚಪ್ಪಲಿ ಒಂದು ಅಲ್ಲೇ ಉಳಿಯಿತು. ಹಿಂದೆ ಮತ್ತೆ ಶುರುವಾಯಿತು… ಟಕ್… ಕರ್ರ್… ಪಚ್.

ಬೆಳಿಗ್ಗೆ ಆಫೀಸಿನ ಕೆಳಗೆ ಮೀನುಂಡೆ ಸಾರಿನ ಅಂಗಡಿಯ ಚಿಂಗ್ಮೇ ಪಾತ್ರೆ ಉಜ್ಜುತ್ತಿದ್ದಳು. ಚಿಂಗ್ಮೇ ಬಾಯಿ ಗೊತ್ತಲ್ಲ.

"ಏನ್ರೀ ಲಾಯರಮ್ಮ, ರಾತ್ರಿಯೆಲ್ಲಾ ಕಳ್ಳರ ಜೊತೆ ಇದ್ರೇನು? ಮುಖ ಒಗೆದು ಹಿಂಡಿದ ಹಾಗಿದೆ."

"ಸುಮ್ನಿರು ಚಿಂಗ್ಮೇ. ಗ್ಯೋಕಮ್ಮ ಎಲ್ಲಿರ್ತಾಳೆ ಈಗ? ಅವಳ ಹತ್ರ ಮಾತಾಡ್ಬೇಕು."

ಚಿಂಗ್ಮೇ ಕೈಯಲ್ಲಿದ್ದ ನಾರು ಕೆಳಗಿಟ್ಟಳು.

"ನಿಮಗೆ ಗೊತ್ತಿಲ್ವಾ? ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಹೋಗ್ಬಿಟ್ಲಲ್ಲ. ಸಿಂಪಿ ಬಿಡಿಸೋ ಕೊಟ್ಟಿಗೆಯಲ್ಲೇ, ಕೂತಲ್ಲೇ. ಎಲ್ರೂ ನಿದ್ದೆ ಅಂದ್ಕೊಂಡ್ರು. ಪಾಪ, ಬೆಳಿಗ್ಗೆ ಕೂಡ ಹೇಳ್ತಿದ್ಲಂತೆ, ನಮ್ಮ ಲಾಯರಮ್ಮ ಬಂಗಾರ, ವಾರ ತಪ್ಪದೆ ಹೋಗಿ ನೋಡ್ತಾಳೆ ಅಂತ."

ಸುಯಿನ್ ಮೆಟ್ಟಿಲು ಹತ್ತಿದಳು. ಮೇಜಿನ ಮೇಲೆ ಒಡೆಯದ ಟಪಾಲಿನ ರಾಶಿ. ಜೈಲಿನಿಂದ ಬರುವ ಕಾಗದಗಳೆಲ್ಲ ಒಂದೇ ತರ, ಯಾವಾಗ ಬಿಡಿಸ್ತೀರಿ ಅಂತ. ಹಾಗಾಗಿ ಅವನ್ನು ವಾರದ ಕೊನೆಗೆ ಓದುವುದು ಅವಳ ಪದ್ಧತಿ. ಯಾವ ವಾರದ ಕೊನೆ ಅಂತ ಕೇಳಬೇಡ. ರಾಶಿಯೊಳಗೆ ಆಬೂನ್‌ನವು ಎರಡು ಸಿಕ್ಕವು. ಮೊದಲನೆಯದು ಒಂದು ತಿಂಗಳು ಹಳೆಯದು.

"ಲಾಯರಮ್ಮ, ಕೋಣೆಯಲ್ಲಿ ಹೊಡೆದಾಟ ಆಯಿತು. ಎಡಗಿವಿಯಿಂದ ರಕ್ತ ಬರುತ್ತಿದೆ. ಇಲ್ಲಿ ಕೇಳಿದರೆ ನಾಳೆ ಅನ್ನುತ್ತಾರೆ. ನೀವು ಬಂದು ಹೇಳಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರಂತೆ. ಅಮ್ಮನಿಗೆ ಹೇಳಬೇಡಿ."

ಎರಡನೆಯದು ಹದಿನಾರು ದಿನದ ಹಿಂದಿನದು. "ಈಗ ರಕ್ತ ನಿಂತಿದೆ. ಕೇಳುವುದೂ ನಿಂತಿದೆ."

ಟ್ಯಾಕ್ಸಿ ಹಿಡಿದಳು. ಆರು ವಾರ ಒಂದೂಕಾಲು ಗಂಟೆ ದಾರಿ ದೂರವಾಗಿತ್ತಲ್ಲ, ಅವತ್ತು ಐವತ್ತು ನಿಮಿಷಕ್ಕೆ ಮುಟ್ಟಿದಳು.

ಜೈಲಿನ ಬಾಗಿಲಲ್ಲಿ ಲಾಯರು ಬಂದ ದಿನ, ಗಂಟೆ, ಯಾರನ್ನು ನೋಡಲು, ಎಲ್ಲ ಬರೆಯುವ ಪುಸ್ತಕವಿದೆ. ಕಾವಲುಗಾರ ಲಿಯಾವ್ ಹಳಬ. ಬಾಯಲ್ಲಿ ಅಡಿಕೆ. ಹಾಳೆ ಹಿಂದೆ ಹಿಂದೆ ತಿರುವಿ ಹೇಳಿದ.

"ಆಬೂನ್‌ಗಾ? ಇವನಿಗೆ ಲಾಯರು ಇದ್ದಾರೆ ಅಂತಲೇ ನಮಗೆ ಗೊತ್ತಿರ್ಲಿಲ್ಲ ಬಿಡಿ."

ಸುಯಿನ್ ಸಹಿ ಮಾಡಿದಳು. ಲಿಯಾವ್ ಆಕಳಿಸಿದ.

"ಬೇಜಾರ್ ಮಾಡ್ಕೋಬೇಡಿ, ನಿದ್ದೆ ಇಲ್ಲ. ನಿನ್ನೆ ರಾತ್ರಿ ಒಂಬತ್ತು ಗಂಟೆಯ ಕೈದಿಗಳ ಎಣಿಕೆ ತಾಳೆ ಆಗ್ಲಿಲ್ಲ. ಅವನ ಕೋಣೇಲಿ ಏಳು ಜನ ಇರ್ಬೇಕು. ಎಂಟು ಬಂತು. ಮತ್ತೆ ಎಣಿಸಿದ್ರೂ ಎಂಟು. ಸಾಹೇಬ್ರು ಬಂದು ಎಣಿಸಿದ್ಮೇಲೆ ಏಳಾಯ್ತು." ಅಡಿಕೆ ಉಗಿದ. "ಕಡಿಮೆ ಬಂದ್ರೆ ಏನ್ಮಾಡ್ಬೇಕು ಅಂತ ನಮಗೆ ಕಲಿಸಿದ್ದಾರೆ. ಹೆಚ್ಚಿಗೆ ಬಂದ್ರೆ ಏನ್ಮಾಡೋದು, ಹೇಳಿ?"

ಭೇಟಿಯ ಕೋಣೆಯಲ್ಲಿ ಒಂದು ಮೇಜು, ಎರಡು ಬೆಂಚು. ಆಬೂನ್ ಬಂದ. ತೆಪ್ಪದ ಮೇಲೆ ಬಿಸಿಲು ಕುಡಿದಿದ್ದ ಮೈ ಬಿಳಚಿಕೊಂಡಿತ್ತು. ಎಡಗಿವಿಯಲ್ಲಿ ಹತ್ತಿ. ಸುಯಿನ್ ಎದುರಿಗೆ ಕೂರಲಿಲ್ಲ. ಅವನ ಬಲಗಡೆಗೆ ಹೋಗಿ ಕೂತಳು. ಅವನು ಅವಳನ್ನೇ ನೋಡಿದ. ಯಾಕೆ ಅಲ್ಲಿ ಕೂತಿರಿ ಅಂತ ಕೇಳಲಿಲ್ಲ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಬಿಟ್ಟು ಇಷ್ಟೇ ಅಂದಳು,

"ಆಬೂನ್… ನಿಮ್ಮಮ್ಮ…"

"ಗೊತ್ತು."

"ಯಾರು ಹೇಳಿದ್ರು ನಿಂಗೆ?"

ಅವನು ಎಡಗಿವಿಯ ಹತ್ತಿ ಒತ್ತಿಕೊಂಡ. ಅಳಲಿಲ್ಲ. ಸುಯಿನ್ ಪೆನ್ನು ತೆಗೆದು ಎಲ್ಲ ಬರೆದುಕೊಂಡಳು. ಕಿವಿ, ಹೊಡೆದವರು, ಯಾವ ತಾರೀಖು, ಯಾರಿಗೆ ಹೇಳಿದ, ಅವರು ಏನಂದರು. ಅವತ್ತೇ ಡಾಕ್ಟರಿಗೆ ಅರ್ಜಿ, ಕೋಣೆ ಬದಲಾಯಿಸಲು ಅರ್ಜಿ, ತಾಯಿಯ ಮಣ್ಣಿಗೆ ಕಳಿಸಲು ಅರ್ಜಿ. ಆರು ವಾರದ ಕೆಲಸ ಒಂದು ಗಂಟೆಯಲ್ಲಿ ಮಾಡಿದಳು. ಅಷ್ಟು ಸುಲಭವಿತ್ತು. ಅದೇ ಅವಳಿಗೆ ಹೆಚ್ಚು ಚುಚ್ಚಿದ್ದು. ಎಡಗಿವಿ ಮಾತ್ರ ತಡವಾಯಿತು ಅಂದರು ಡಾಕ್ಟರು. ಅದು ಬರುವುದಿಲ್ಲ.

ಗಂಟೆ ಹೊಡೆಯಿತು. ಕಾವಲುಗಾರ ಬಾಗಿಲಲ್ಲಿ ಬಂದು ನಿಂತ. ಆಬೂನ್ ಎದ್ದ. ಎದ್ದವನು ಅವಳ ಕಡೆ ಬಗ್ಗಿ, ಪಿಸುಗುಟ್ಟಿ, ಒಂದು ಮಾತು ಕೇಳಿದ.

ಈಗ ನೀನು ಹೇಳುತ್ತೀಯ, ಸುಯಿನ್‌ಗೆ ನಿದ್ದೆಗೆಟ್ಟು ತಲೆ ಕೆಟ್ಟಿತ್ತು ಅಂತ. ಬಾವಿಕಟ್ಟೆಯಲ್ಲಿ ಕೂತಿದ್ದವಳು ಇನ್ಯಾರೋ ಮುದುಕಿ ಅಂತ. ಅನ್ನು, ಪರವಾಗಿಲ್ಲ. ನಾನೂ ಮೊದಲು ಹಾಗೇ ಅಂದೆ. ಆದರೆ ಮಾಜು ದೇವಿಯ ಮೇಲೆ ಆಣೆ, ಇದು ನಡೆದದ್ದು. ಆ ಹುಡುಗನಿಗೆ ಫೋನಿರಲಿಲ್ಲ, ಹೊರಗಿನಿಂದ ಕಾಗದವಿರಲಿಲ್ಲ, ನೋಡಲು ಒಬ್ಬ ನರಪಿಳ್ಳೆಯೂ ಹೋಗಿರಲಿಲ್ಲ. ಮೆಟ್ಟಿಲ ಹತ್ತಿರ ಆಡಿದ ಮಾತನ್ನು ಕಿವಿಯಾರೆ ಕೇಳಿದ್ದವರು ಇಬ್ಬರೇ. ಒಬ್ಬಳು ಸತ್ತಿದ್ದಳು. ಇನ್ನೊಬ್ಬಳು ಅವನ ಬಲಗಡೆ ಕೂತಿದ್ದಳು.

ಈಗ ಸುಯಿನ್ ಒಂದು ಮಂಗಳವಾರವೂ ತಪ್ಪಿಸುವುದಿಲ್ಲ. ಮೊನ್ನೆ ಚಂಡಮಾರುತದ ದಿನ ಕೂಡ ಹೋದಳು, ಬಾಗಿಲು ತೆಗೆಯಲಿಲ್ಲ, ಹೊರಗೆ ನೆನೆಯುತ್ತ ನಿಂತು ಬಂದಳು. ಕೇಸು ಚೆನ್ನಾಗಿ ನಡೆಸುತ್ತಿದ್ದಾಳೆ, ಬಹುಶಃ ಬಿಡುಗಡೆಯೂ ಆಗುತ್ತದೆ. ಆದರೂ ಪ್ರತಿ ಸಲ ಗಂಟೆ ಹೊಡೆದ ಮೇಲೆ ಆಬೂನ್ ಬಗ್ಗಿ ಅದೇ ಮಾತು ಕೇಳುತ್ತಾನಂತೆ. ಕೋಪವಿಲ್ಲ, ಕೊಂಕಿಲ್ಲ. ನಿಜವಾಗಿಯೂ ತಿಳಿಯಬೇಕಾದವನ ಹಾಗೆ. ಅಷ್ಟು ದೊಡ್ಡ ಲಾಯರು, ಜಡ್ಜರ ಮುಂದೆ ಗಂಟೆಗಟ್ಟಲೆ ಮಾತಾಡುವವಳು, ಇವತ್ತಿನವರೆಗೂ ಅದಕ್ಕೆ ಬಾಯಿ ಬಿಟ್ಟಿಲ್ಲ.

"ನಾನು ಚೆನ್ನಾಗಿದ್ದೀನಿ ಅಂತ ನಿಮಗೆ ಯಾರು ಹೇಳಿದ್ದು, ಲಾಯರಮ್ಮ?"